ಪಿಕಪ್ ಎಲ್ಲಿ ಹೋಯಿತು?

ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವುಗಳಿವೆ. ಉಡುಪಿಗೂ ತೀರ್ಥಹಳ್ಳಿಗೂ ನಡುವೆ ಹನ್ನೊಂದು ವರ್ಷ ಒಂದೇ ಕಾರಿನಲ್ಲಿ ಓಡಾಡಿದ ನನಗೆ ಯಾವ ತಿರುವಿಗೆ ಯಾವ ಗೇರು ಎಂಬುದು ಕೈಗೇ ಗೊತ್ತು, ತಲೆಯನ್ನು ಕೇಳಬೇಕಾಗಿಲ್ಲ. ಕಳೆದ ಮೇ ತಿಂಗಳಲ್ಲಿ ಆ ಕೈ ಮೊದಲ ಸಲ ಸೋತಿತು. ಆರನೆಯ ತಿರುವಿನಲ್ಲಿ, ಎರಡನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ನೆಲಕ್ಕೆ ತಾಗುವಷ್ಟು ಒತ್ತಿದರೂ ಕಾರು ಏದುಸಿರು ಬಿಡುತ್ತ ನಿಂತೇಹೋಗುವ ಹಾಗಾಯಿತು. ಮೊದಲ ಗೇರಿಗೆ ಇಳಿಸಿದೆ. ಹಿಂದಿದ್ದ ಜೀಪಿನವನು ಹಾರ್ನ್ ಹೊಡೆದ. ಹಿಂದಿನ ಸೀಟಿನಲ್ಲಿ ಹಲಸಿನಹಣ್ಣನ್ನು ಕಾಲ ಬಳಿ ಇರಿಸಿಕೊಂಡು ಕುಳಿತಿದ್ದ ನಮ್ಮ ಅತ್ತೆ, "ನಾನು ಬೇಕಾದರೆ ಇಳಿದು ನಡೆಯುತ್ತೇನೆ, ಹಣ್ಣು ಮಾತ್ರ ಕಾರಿನಲ್ಲೇ ಬರಲಿ" ಎಂದರು.

ಕಾರು 2014ರದ್ದು. 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನ ಪುಟ್ಟ ಗಾಡಿ, ಒಂದು ಲಕ್ಷದ ಎಂಟು ಸಾವಿರ ಕಿಲೋಮೀಟರ್ ಓಡಿದೆ. ಸ್ಟಾರ್ಟ್ ಆಗುವುದರಲ್ಲಿ ತಕರಾರಿಲ್ಲ, ನಿಂತಲ್ಲಿ ಎಂಜಿನ್ ನಡುಗುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಉರಿಯುತ್ತಿರಲಿಲ್ಲ. ಎಳೆಯುವುದಿಲ್ಲ, ಅಷ್ಟೇ. ಇದು ಒಂದೇ ದಿನಕ್ಕೆ ಬಂದ ರೋಗವಲ್ಲ ಎಂದು ಈಗ ಅನ್ನಿಸುತ್ತದೆ. ಮಾರ್ಚಿನಿಂದಲೇ ಲಾರಿಗಳನ್ನು ಹಿಂದಿಕ್ಕುವಾಗ ಒಂದು ಗೇರು ಇಳಿಸುವ ಅಭ್ಯಾಸ ಬಂದಿತ್ತು. ವಯಸ್ಸಾಯಿತು ಎಂದುಕೊಂಡಿದ್ದೆ, ಕಾರಿಗೋ ನನಗೋ ಎಂದು ವಿಚಾರಿಸಿರಲಿಲ್ಲ.

ನಮ್ಮ ಊರಿನಲ್ಲಿ ಚಹಾ ಅಂಗಡಿಯೇ ಮೊದಲ ಆಸ್ಪತ್ರೆ. ಅಲ್ಲಿ ಎಲ್ಲರೂ ಒಂದೇ ಬಾಯಿಯಲ್ಲಿ ಎಥನಾಲಿಗೆ ಶಿಕ್ಷೆ ವಿಧಿಸಿದರು. "ಶೇಕಡಾ 20 ಬೆರೆಸುತ್ತಾರೆ ಮಾರಾಯರೇ, ಮತ್ತೆ ಗಾಡಿ ಎಳೆಯುವುದು ಹೇಗೆ?" ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಲೆಕ್ಕ ಹಾಕದೆ ಒಪ್ಪಲು ಮನಸ್ಸು ಬರಲಿಲ್ಲ. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು. ಐದನೇ ಒಂದು ಪಾಲು ಬೆರೆಸಿದರೆ ಲೀಟರಿಗೆ ನಷ್ಟವಾಗುವುದು ಶೇಕಡಾ ಆರೇಳು. ಅದು ಮೈಲೇಜಿನಲ್ಲಿ ತೋರಬೇಕು, ಆರನೆಯ ತಿರುವಿನಲ್ಲಿ ಗಾಡಿಯನ್ನು ನಿಲ್ಲಿಸಬಾರದು. ಮೇಲಾಗಿ, ನಮ್ಮ ಶಾಲೆಯ ಗಣಿತದ ಮೇಷ್ಟ್ರ ಬಳಿ ಇದೇ ಮಾದರಿಯ, ಇದೇ ವರ್ಷದ ಕಾರಿದೆ. ಅವರು ಅದೇ ಬಂಕಿನಲ್ಲಿ ಅದೇ ಪೆಟ್ರೋಲ್ ಹಾಕಿಸಿ ಅದೇ ಘಾಟಿಯನ್ನು ಎರಡನೆಯ ಗೇರಿನಲ್ಲಿ ಹತ್ತುತ್ತಾರೆ.

ಮೊದಲ ಗ್ಯಾರೇಜಿನಲ್ಲಿ ನಾಲ್ಕು ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಾಯಿಸಿ, ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಾದ ಥ್ರಾಟಲ್ ಬಾಡಿಯ ಮಸಿ ತೊಳೆದು ಕೊಟ್ಟರು. 2,800 ರೂಪಾಯಿ. ಮನೆಗೆ ಬರುವಾಗ ಗಾಡಿ ಹಗುರವಾದಂತೆ ಅನ್ನಿಸಿತು. ಹಗುರವಾಗಿದ್ದು ಜೇಬು ಎಂದು ಎರಡು ದಿನಗಳಲ್ಲಿ ತಿಳಿಯಿತು. ಎರಡನೆಯವರು ಒಂದು ಸುತ್ತು ಓಡಿಸಿ ಬಂದು "ಕ್ಲಚ್ ಪ್ಲೇಟ್ ಹೋಗಿದೆ, ಹನ್ನೊಂದು ಸಾವಿರ" ಎಂದರು. ಮೂರನೆಯವರು ಟ್ಯಾಂಕಿನ ಮೇಲೆ ಕಿವಿಯಿಟ್ಟು "ಪೆಟ್ರೋಲ್ ಪಂಪು ಕೂಗುತ್ತಿದೆ, ಎಂಟು ಸಾವಿರ" ಎಂದರು. ಇಬ್ಬರೂ ಸುಳ್ಳು ಹೇಳುವವರಲ್ಲ. ಎಳೆಯದ ಗಾಡಿಗೆ ಈ ಎರಡೂ ಕಾರಣವಾಗಬಹುದು. ಆದರೆ ಎರಡರಲ್ಲಿ ಯಾವುದು ಎಂದು ಕೇಳಿದರೆ, ಹಾಕಿ ನೋಡೋಣ ಎನ್ನುವ ಉತ್ತರ. ಹಾಕಿ ನೋಡುವ ಹಣ ನನ್ನದು.

ಆರು ನೂರು ರೂಪಾಯಿಗೆ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಬ್ಲೂಟೂತ್ ಸಾಧನವೊಂದನ್ನು ತರಿಸಿದೆ. ಸ್ಟೀರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಇದನ್ನು ಚುಚ್ಚಿದರೆ ಎಂಜಿನ್ನಿನ ಕಂಪ್ಯೂಟರ್ ತಾನು ಕಾಣುತ್ತಿರುವ ಅಂಕಿಗಳನ್ನೆಲ್ಲ ಮೊಬೈಲಿಗೆ ಒಪ್ಪಿಸುತ್ತದೆ. ದೋಷದ ಸಂಕೇತಗಳೇನಾದರೂ ಇವೆಯೇ ಎಂದು ಮೊದಲು ನೋಡಿದೆ. ಒಂದೂ ಇಲ್ಲ. ಇಷ್ಟಕ್ಕೇ ಸಾಧನವನ್ನು ಡಬ್ಬಿಗೆ ಹಾಕಿಟ್ಟಿದ್ದರೆ ಆರು ನೂರೂ ದಂಡವಾಗುತ್ತಿತ್ತು. ನಿಜವಾದ ಮಾಲು ಇರುವುದು ಓಡುತ್ತಿರುವಾಗಿನ ಅಂಕಿಗಳಲ್ಲಿ.

ಭಾನುವಾರ ಬೆಳಗ್ಗೆ ಆರು ಗಂಟೆಗೆ ಊರಾಚೆಯ ಖಾಲಿ ರಸ್ತೆಗೆ ಎರಡೂ ಕಾರುಗಳನ್ನು ಒಯ್ದೆವು. ಪಕ್ಕದ ಸೀಟಿನಲ್ಲಿ ಕುಳಿತು ಅಂಕಿ ಬರೆದುಕೊಳ್ಳುವ ಕೆಲಸವನ್ನು ಗಣಿತದ ಮೇಷ್ಟ್ರು ತಾವಾಗಿಯೇ ವಹಿಸಿಕೊಂಡರು. ಉತ್ತರಪತ್ರಿಕೆ ತಿದ್ದುವಾಗ ಇರುವ ಕ್ರೌರ್ಯವೇ ಇಲ್ಲಿಯೂ ಇತ್ತು. ಮೂರನೆಯ ಗೇರಿನಲ್ಲಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಗಂಟೆಗೆ 40ರಿಂದ 60 ಕಿಲೋಮೀಟರಿಗೆ ಏರಲು ಅವರ ಕಾರಿಗೆ ಐದು ಸೆಕೆಂಡು ಹಿಡಿಯಿತು. ನನ್ನದಕ್ಕೆ ಒಂಬತ್ತೂವರೆ. "ನಿಮ್ಮದು ಪೂರಕ ಪರೀಕ್ಷೆಗೆ ಹೋಗಬೇಕು" ಎಂದರು.

ಆದರೆ ಅದೇ ಓಟದಲ್ಲಿ ಕ್ಲಚ್ಚಿನ ತೀರ್ಪು ಕೂಡ ಬಂದಿತ್ತು. ಕ್ಲಚ್ ಜಾರುತ್ತಿದ್ದರೆ ಎಂಜಿನ್ ಮುಂದೆ ಓಡಬೇಕು, ಚಕ್ರ ಹಿಂದೆ ಉಳಿಯಬೇಕು. ನನ್ನ ಕಾರಿನಲ್ಲಿ 40ರ ವೇಗಕ್ಕೆ ಎಂಜಿನ್ ನಿಮಿಷಕ್ಕೆ 2,100 ಸುತ್ತು, 50ಕ್ಕೆ 2,630, 60ಕ್ಕೆ 3,150. ಭಾಗಿಸಿ ನೋಡಿ: ಎಲ್ಲೆಡೆ ಐವತ್ತೆರಡೂವರೆಯ ಆಸುಪಾಸು. ಅನುಪಾತ ಕದಲಿಲ್ಲ ಎಂದರೆ ಕ್ಲಚ್ ಹಿಡಿದದ್ದನ್ನು ಬಿಟ್ಟಿಲ್ಲ. ಏಳನೆಯ ತರಗತಿಯ ಭಾಗಾಕಾರ ಹನ್ನೊಂದು ಸಾವಿರ ಉಳಿಸಿತು.

ಆ ಬೆಳಗ್ಗೆಯೇ ಇನ್ನೊಂದು ಕಳ್ಳನೂ ಸಿಕ್ಕಿಬಿದ್ದ. ಓಡಿಸಿ ನಿಲ್ಲಿಸಿ ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದಾಗ ಹಿಂದಿನ ಎಡ ಚಕ್ರ ಇಡ್ಲಿ ಪಾತ್ರೆಯಂತೆ ಕಾದಿತ್ತು. ಜಾಕ್ ಕೊಟ್ಟು ಎತ್ತಿ ಕೈಯಲ್ಲಿ ತಿರುಗಿಸಿದರೆ ಬಿಗಿ. ಹ್ಯಾಂಡ್‌ಬ್ರೇಕಿನ ಕೇಬಲ್ ತುಕ್ಕು ಹಿಡಿದು, ಬಿಟ್ಟರೂ ಪೂರ್ತಿ ಬಿಡುತ್ತಿರಲಿಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಮಣ್ಣಿನಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸುವ ಎಲ್ಲ ಕಾರುಗಳಿಗೂ ಒಂದು ದಿನ ಇದು ಬರುವ ರೋಗ. 900 ರೂಪಾಯಿಯಲ್ಲಿ ಸರಿಯಾಯಿತು. ಇದೇ ಇರಬೇಕು ಎಂದು ಹಿಗ್ಗಿನಿಂದ ಮತ್ತೆ ಅಳೆದೆವು. ಒಂಬತ್ತು ಸೆಕೆಂಡು. ಅರ್ಧ ಸೆಕೆಂಡಿನ ಕಳ್ಳ ಇವನು. ನಾಲ್ಕು ಸೆಕೆಂಡು ಕದ್ದವನು ಇನ್ನೂ ಒಳಗೇ ಇದ್ದ.

ಇನ್ನು ಪೆಟ್ರೋಲ್ ಪಂಪಿನ ವಿಚಾರಣೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಡೀ ಕಥೆ ತಿರುಗಿದ್ದು ಇಲ್ಲಿ. ನಮ್ಮ ಎಂಜಿನ್ನಿನ ಕಂಪ್ಯೂಟರ್ ಒಳಗೆ ಬರುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಯ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ಉಷ್ಣತೆ, ಎಂಜಿನ್ನಿನ ಸುತ್ತು ಇವುಗಳಿಂದ ಇಷ್ಟು ಗಾಳಿ ಬಂದಿರಬೇಕು ಎಂದು ಊಹಿಸುತ್ತದೆ. ಸುಮಾರು 14.7 ಗ್ರಾಂ ಗಾಳಿಗೆ ಒಂದು ಗ್ರಾಂ ಪೆಟ್ರೋಲಿನ ಲೆಕ್ಕದಲ್ಲಿ ಸಿಂಪಡಿಸುತ್ತದೆ. ಸುಟ್ಟು ಹೊರಬರುವ ಹೊಗೆಯಲ್ಲಿ ಕುಳಿತ ಆಕ್ಸಿಜನ್ ಸೆನ್ಸರ್ ಊಹೆ ಸರಿಯೇ ಎಂದು ವರದಿ ಕೊಡುತ್ತದೆ. ಪೆಟ್ರೋಲ್ ಕಡಿಮೆ ಬಿದ್ದಿದ್ದರೆ ಕಂಪ್ಯೂಟರ್ ಕೂಡಿಸುತ್ತದೆ, ಹೆಚ್ಚಾಗಿದ್ದರೆ ಕಳೆಯುತ್ತದೆ. ಎಷ್ಟು ಕೂಡಿಸಿದೆ ಅಥವಾ ಕಳೆದಿದೆ ಎಂಬ ಶೇಕಡಾವಾರಿಗೆ ಫ್ಯೂಯೆಲ್ ಟ್ರಿಮ್ ಎಂದು ಹೆಸರು. ಸೊನ್ನೆಯ ಆಚೀಚೆ ಹತ್ತರೊಳಗೆ ಇದ್ದರೆ ಆರೋಗ್ಯ.

ಪಂಪು ಸೋತಿದ್ದರೆ, ಪೆಟ್ರೋಲ್ ಫಿಲ್ಟರ್ ಕಟ್ಟಿದ್ದರೆ ಪೆಟ್ರೋಲ್ ಸಾಲದೆ ಕಂಪ್ಯೂಟರ್ ಕೂಡಿಸುತ್ತ ಹೋಗಬೇಕು, ಅಂಕಿ ಧನವಾಗಿರಬೇಕು. ನನ್ನ ಕಾರಿನದು ಋಣ 13! ಅಂದರೆ ಪೆಟ್ರೋಲ್ ಧಾರಾಳವಾಗಿದೆ, ಕಂಪ್ಯೂಟರ್ ಊಹಿಸಿದಷ್ಟು ಗಾಳಿ ಸಿಲಿಂಡರಿಗೆ ಸೇರುತ್ತಿಲ್ಲ. ಪಂಪು ನಿರ್ದೋಷಿ. ಆದರೆ ಗಾಳಿ ಏಕೆ ಸೇರುತ್ತಿಲ್ಲ? ಏರ್ ಫಿಲ್ಟರ್ ಹೊಸದು. ಥ್ರಾಟಲ್ ತೆರೆಯುತ್ತಿದೆಯೇ ಎಂದು ನೋಡಿದೆ, ಪೂರ್ತಿ ತೆರೆಯುತ್ತಿತ್ತು. ಪೆಡಲಿನ ಕೆಳಗೆ ಮ್ಯಾಟ್ ಸಿಕ್ಕಿಕೊಂಡಿದೆಯೇ ಎಂದೂ ಬಗ್ಗಿ ನೋಡಿದ್ದೆ. ಎಂಜಿನ್ ಆರಿಸಿ ಕೀಲಿ ಮಾತ್ರ ತಿರುಗಿಸಿದರೆ ಮ್ಯಾನಿಫೋಲ್ಡ್ ಒತ್ತಡ 94 ಕಿಲೋಪ್ಯಾಸ್ಕಲ್ ತೋರಿಸುತ್ತಿತ್ತು. ಅದು ಸರಿಯೇ. ತೀರ್ಥಹಳ್ಳಿ ಸಮುದ್ರಮಟ್ಟದಿಂದ ಸುಮಾರು ಆರು ನೂರು ಮೀಟರ್ ಎತ್ತರದಲ್ಲಿದೆ, ಉಡುಪಿಯಲ್ಲಿ ಅದೇ ಸೆನ್ಸರ್ 101ರ ಹತ್ತಿರ ತೋರಿಸುತ್ತದೆ. (ಹನ್ನೊಂದು ವರ್ಷ ಒಂದು ವಾಯುಭಾರಮಾಪಕದ ಮೇಲೆ ಕುಳಿತು ಓಡಾಡುತ್ತ, ತರಗತಿಯಲ್ಲಿ ಮಾತ್ರ ಪಾದರಸದ ಕೊಳವೆಯ ಚಿತ್ರ ಬರೆಯುತ್ತಿದ್ದೆ.)

ಎರಡು ದಿನ ಇದೇ ಗುಂಗು. ಮೂರನೆಯ ಸಂಜೆ ಮುಂಗಾರಿನ ಮೊದಲ ಮಳೆ. ಬಚ್ಚಲ ಒಲೆ ಹೊತ್ತಿಸಲು ಹೋದ ಹೆಂಡತಿ ಕೆಮ್ಮುತ್ತ ಹೊರಗೆ ಬಂದಳು. ಎಷ್ಟು ಒಣಕಟ್ಟಿಗೆ ಇಟ್ಟರೂ, ಊದಿದರೂ ಬೆಂಕಿ ಏಳುತ್ತಿಲ್ಲ, ಹೊಗೆಯೆಲ್ಲ ಒಳಗೇ. ಹೊಗೆ ಕೊಳವೆಯ ಬಾಯಿಯಲ್ಲಿ ಬೇಸಗೆಯಲ್ಲಿ ಯಾವುದೋ ಹಕ್ಕಿ ಗೂಡು ಕಟ್ಟಿ ಹೋಗಿತ್ತು. ಏಣಿಯ ಮೇಲೆ ನಿಂತು ಆ ಗೂಡನ್ನು ಕೋಲಿನಿಂದ ಎಳೆಯುತ್ತಿರುವಾಗ ಕಾರು ನೆನಪಾಯಿತು. ಹಳೆಯ ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿಗೆ ಜಾಗ ಎಲ್ಲಿ? ಮೂರು ಗ್ಯಾರೇಜಿನವರೂ ನಾನೂ ಎಂಜಿನ್ನಿನ ಬಾಯಿಯನ್ನೇ ನೋಡುತ್ತ ಕುಳಿತಿದ್ದೆವು.

ಅದೇ ರಾತ್ರಿ ಅಂಗಳದಲ್ಲಿ ಪರೀಕ್ಷೆ ಮಾಡಿದೆ. ಗಾಡಿಯನ್ನು ನ್ಯೂಟ್ರಲಿನಲ್ಲಿಟ್ಟು ಎಂಜಿನ್ನನ್ನು 2,500 ಸುತ್ತಿನಲ್ಲಿ ಹಿಡಿದು ನಿಲ್ಲಿಸುವುದು, ಮ್ಯಾನಿಫೋಲ್ಡಿನ ಒತ್ತಡ ನೋಡುತ್ತಿರುವುದು. ಸೈಲೆನ್ಸರ್ ದಾರಿ ಸಲೀಸಾಗಿದ್ದರೆ ಒತ್ತಡ ಇಳಿದು ಅಲ್ಲೇ ನಿಲ್ಲುತ್ತದೆ. ಕಟ್ಟಿದ್ದರೆ ಹೊಗೆ ಹಿಂದೆ ಒತ್ತಿ, ಒತ್ತಡ ಮೆಲ್ಲಗೆ ಏರತೊಡಗುತ್ತದೆ. ನನ್ನದು 29ಕ್ಕೆ ಇಳಿಯಿತು. ಅರ್ಧ ನಿಮಿಷಕ್ಕೆ 33, ಒಂದೂವರೆ ನಿಮಿಷಕ್ಕೆ 38, ಮೂರನೆಯ ನಿಮಿಷಕ್ಕೆ 44. ಮರುದಿನ ಮೇಷ್ಟ್ರ ಕಾರಿನಲ್ಲಿ ನೋಡಿದರೆ 28. ಮೂರು ನಿಮಿಷವಾದರೂ 28.

ಶಿವಮೊಗ್ಗದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆಂದು ಯಾರೋ ಹೇಳಿದ್ದರು. ನಾಲ್ಕು ಕಾರು ನಿಲ್ಲುವಷ್ಟೇ ಜಾಗದ ಗ್ಯಾರೇಜು. ನನ್ನ ಅಂಕಿಗಳ ಹಾಳೆಯನ್ನು ಅವರು ಮೂಗಿನ ಮೇಲಿನ ಕನ್ನಡಕವನ್ನು ಸರಿಪಡಿಸಿಕೊಂಡು ಓದಿದರು. ಏನೂ ಹೇಳದೆ ಕೇಳಿದ್ದು ಒಂದೇ ಪ್ರಶ್ನೆ: "ಸಾರ್, ಈ ಗಾಡಿ ಯಾವಾಗಲಾದರೂ ಮಿಸ್ಸಿಂಗ್ ಹೊಡೆದಿತ್ತೇ?"

ಹೊಡೆದಿತ್ತು. ಡಿಸೆಂಬರಿನಲ್ಲಿ ಅಡಿಕೆ ಕೊಯ್ಲಿನ ಸಮಯದಲ್ಲಿ ಕಾರನ್ನು ಚಪ್ಪರದ ಪಕ್ಕ ನಿಲ್ಲಿಸುತ್ತಿದ್ದೆ. ಇಲಿಯೊಂದು ಇಗ್ನಿಷನ್ ಕಾಯಿಲಿನ ತಂತಿಯನ್ನು ಕಡಿದು, ಒಂದೆರಡು ಎಳೆ ಮಾತ್ರ ಉಳಿಸಿತ್ತು. ಇಬ್ಬನಿಯ ಬೆಳಗ್ಗೆಗಳಲ್ಲಿ ಒಂದು ಸಿಲಿಂಡರ್ ಕೈಕೊಟ್ಟು ಎಂಜಿನ್ ಕುಂಟುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಹಳದಿ ದೀಪ ಮಿನುಗುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ತಾನೇ ಸರಿಹೋಗುತ್ತಿತ್ತು. ಹೀಗೆ ಏಳು ವಾರ ಓಡಿಸಿದೆ. ಕೊನೆಗೆ ಫೆಬ್ರವರಿಯಲ್ಲಿ ಒಬ್ಬರು ತಂತಿ ಬೆಸೆದು, ದೋಷದ ಸಂಕೇತವನ್ನು ಅಳಿಸಿ, 350 ರೂಪಾಯಿ ತೆಗೆದುಕೊಂಡು ಕಳುಹಿಸಿದರು. ಮುಗಿದುಹೋದ ಕಥೆ ಎಂದು ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಕಂಪ್ಯೂಟರೂ ಹೇಳುವಂತಿರಲಿಲ್ಲ, ಅದರ ನೆನಪನ್ನು ಅಳಿಸಿಯಾಗಿತ್ತು.

ಹಳದಿ ದೀಪ ಸುಮ್ಮನೆ ಉರಿದರೆ ಬೇಗ ತೋರಿಸಿ ಎಂದರ್ಥ. ಮಿನುಗಿದರೆ ಅರ್ಥ ಬೇರೆ: ಸುಡದ ಪೆಟ್ರೋಲ್ ಹೊರಗೆ ಹೋಗುತ್ತಿದೆ, ಈಗಲೇ ಓಡಿಸುವುದನ್ನು ನಿಲ್ಲಿಸು. ಕಿಡಿ ಬೀಳದ ಸಿಲಿಂಡರಿನ ಪೆಟ್ರೋಲ್ ಹಾಗೆಯೇ ಹೊಗೆಯ ದಾರಿ ಹಿಡಿದು, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಕನ್ವರ್ಟರಿನ ಒಳಗಿರುವುದು ಜೇನುಹುಟ್ಟಿನಂಥ ಸೆರಾಮಿಕ್ ಗಟ್ಟಿ. ಕಿಂಡಿಗಳ ಗೋಡೆಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ಎಷ್ಟೇ ಶಾಖ ತಾಳುವ ಸೆರಾಮಿಕ್ ಆದರೂ ಒಳಗೇ ಒಲೆ ಹೊತ್ತಿದರೆ ಕರಗುತ್ತದೆ. ಗೇರು ಬದಲಾಯಿಸುವಾಗ ಕೆಳಗಿನಿಂದ ಆಗಾಗ ಗಲಗಲ ಸದ್ದು ಬರುತ್ತಿದ್ದುದು ಆಗ ನೆನಪಾಯಿತು. ಯಾವುದೋ ತಗಡು ಸಡಿಲವಾಗಿದೆ ಎಂದುಕೊಂಡಿದ್ದೆ.

ಹಿರಿಯರು ಕನ್ವರ್ಟರಿಗಿಂತ ಮುಂದಿರುವ ಆಕ್ಸಿಜನ್ ಸೆನ್ಸರಿಗೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ, ಹತ್ತು ನಿಮಿಷ ಬೀಡಿ ಸೇದಿ, 22ರ ಸ್ಪ್ಯಾನರಿನಲ್ಲಿ ಬಿಚ್ಚಿದರು. ಆ ರಂಧ್ರಕ್ಕೆ ಒತ್ತಡದ ಮೀಟರ್ ಜೋಡಿಸಿ 2,500 ಸುತ್ತಿಗೆ ಏರಿಸಿದರು. ಮೂರು ಪಿಎಸ್‌ಐ ದಾಟಬಾರದು, ನಮ್ಮದು ಏಳರ ಹತ್ತಿರ. "ಇಷ್ಟೇ ಸಾಲದು, ನೀವೇ ಓಡಿಸಿ ನೋಡಿ" ಎಂದು ಮೀಟರನ್ನೂ ತೆಗೆದು, ರಂಧ್ರವನ್ನು ತೆರೆದೇ ಬಿಟ್ಟು, ಕಿಟಕಿಗಳನ್ನು ಇಳಿಸಿ ಹಿಂದಿನ ಬೀದಿಯಲ್ಲಿ ಒಂದು ಸುತ್ತು ಹಾಕಿಸಿದರು. ಸದ್ದು ಟಿಲ್ಲರಿನದು, ನಾಯಿಗಳೆಲ್ಲ ಎದ್ದು ಓಡಿದವು. ಆದರೆ ಕಾರು ಚಿಮ್ಮಿತು! ತಿಂಗಳುಗಳಿಂದ ಮರೆತಿದ್ದ ಆ ಎಳೆತ ಬೆನ್ನಿಗೆ ತಾಗಿದಾಗ ನಾಚಿಕೆಯಿಲ್ಲದೆ ನಕ್ಕೆ. ಹೊಗೆ ಎಂಜಿನ್ನಿನ ಬದಿಗೇ ಬರುವುದರಿಂದ ಇದು ಮುಚ್ಚಿದ ಶೆಡ್ಡಿನಲ್ಲಿ ಮಾಡುವ ಪ್ರಯೋಗವಲ್ಲ, ಅಂಥದ್ದೊಂದು ಸುತ್ತಿಗಿಂತ ಹೆಚ್ಚು ಓಡಿಸುವುದೂ ಅಲ್ಲ.

ಹೊಸ ಕನ್ವರ್ಟರಿಗೆ ಮೂವತ್ತು ಸಾವಿರ ದಾಟುತ್ತದೆ ಎಂದು ತಿಳಿದಾಗ ನಗು ನಿಂತಿತು. ಗ್ಯಾರೇಜಿನ ಹುಡುಗ ಪಕ್ಕಕ್ಕೆ ಬಂದು, "ಒಳಗಿನದನ್ನು ಒಡೆದು ಖಾಲಿ ಮಾಡಿಕೊಡುತ್ತೇನೆ ಸಾರ್, ಐನೂರು ಕೊಡಿ ಸಾಕು, ಪಿಕಪ್ ಇನ್ನೂ ಚೆನ್ನಾಗಿರುತ್ತದೆ" ಎಂದ. ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಪ್ಪತ್ತೊಂಬತ್ತೂವರೆ ಸಾವಿರದ ಆಸೆ. ಆದರೆ ಕಾರ್ಬನ್ ಮಾನಾಕ್ಸೈಡನ್ನು ನಿರಪಾಯ ಮಾಡುವ ಏಕೈಕ ಭಾಗ ಅದು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಅದು ಕಡ್ಡಾಯವಾದಾಗ, ಅದು ಕೆಡದಿರಲಿ ಎಂದೇ ಸೀಸವಿಲ್ಲದ ಪೆಟ್ರೋಲನ್ನು ತರಬೇಕಾಯಿತು. ಜೂನ್ 5ರಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪರಿಸರದ ಪ್ರತಿಜ್ಞೆ ಮಾಡಿಸಿ ಒಂದು ವಾರವೂ ಆಗಿರಲಿಲ್ಲ. ಕನ್ವರ್ಟರಿನ ಹಿಂದೆ ಎರಡನೆಯ ಆಕ್ಸಿಜನ್ ಸೆನ್ಸರ್ ಇದೆ, ಒಳಗೆ ಏನೂ ಇಲ್ಲವೆಂದು ಅದು ಕಂಪ್ಯೂಟರಿಗೆ ಚಾಡಿ ಹೇಳುತ್ತದೆ ಎಂಬುದನ್ನು ಕೂಡ ಒಪ್ಪಿಕೊಳ್ಳುತ್ತೇನೆ. ಎಲ್ಲವೂ ಪ್ರತಿಜ್ಞೆಯ ಪ್ರಭಾವವಲ್ಲ.

ಹೊಸ ಭಾಗ ಬರಲು ಮೂರು ವಾರ ಹಿಡಿಯಿತು. ಅಲ್ಲಿಯವರೆಗೆ ಬಸ್ಸು. ಜೋಡಿಸುವ ಕೆಲಸ ಅರ್ಧ ದಿನ, ಕೂಲಿ 1,800. ಇಲಿ ಕಡಿದ ತಂತಿಯ ಬೆಸುಗೆಯನ್ನೂ ಕಿತ್ತು ಹೊಸ ತಂತಿ ಹಾಕಿಸಿದೆ, ಇಲ್ಲದಿದ್ದರೆ ಹೊಸ ಕನ್ವರ್ಟರಿಗೂ ಅದೇ ಗತಿ. ಹಳೆಯದನ್ನು ಅಲ್ಲೇ ಬಿಡಿ ಎಂದು ಹುಡುಗ ಎರಡು ಸಲ ಹೇಳಿದ. ಒಳಗಿನ ಲೋಹಗಳಿಗಾಗಿ ಗುಜರಿಯವರು ಅದಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ ಎಂದು ಆಗಲೇ ತಿಳಿದುಕೊಂಡಿದ್ದೆ. ಡಿಕ್ಕಿಗೆ ಹಾಕಿಕೊಂಡು ಬಂದೆ.

ಹಳೆಯ ಲೆಕ್ಕವನ್ನೆಲ್ಲ ಅಳಿಸಿ ನೂರು ಕಿಲೋಮೀಟರ್ ಓಡಿಸಿದ ಮೇಲೆ ಫ್ಯೂಯೆಲ್ ಟ್ರಿಮ್ ಋಣ 2. ನ್ಯೂಟ್ರಲಿನಲ್ಲಿ 2,500 ಸುತ್ತಿಗೆ ಒತ್ತಡ 28, ಕದಲಲಿಲ್ಲ. 40ರಿಂದ 60ಕ್ಕೆ 5.2 ಸೆಕೆಂಡು. ಗಣಿತದ ಮೇಷ್ಟ್ರು "ಉತ್ತೀರ್ಣ, ಎರಡನೆಯ ದರ್ಜೆ" ಎಂದು ಬರೆದುಕೊಟ್ಟರು. ಜುಲೈಯ ಮಳೆಯಲ್ಲಿ ಆರನೆಯ ತಿರುವನ್ನು ಎರಡನೆಯ ಗೇರಿನಲ್ಲಿ ಹತ್ತಿದೆವು. ಅತ್ತೆ ನಿದ್ದೆ ಮಾಡುತ್ತಿದ್ದರು.

ಕನ್ವರ್ಟರನ್ನು ಗರಗಸದಲ್ಲಿ ಕೊಯ್ಯಿಸಿ ಒಂದು ಭಾಗವನ್ನು ಶಾಲೆಗೆ ಒಯ್ದೆ. ಒಂದು ಅಂಚಿನಲ್ಲಿ ಸಣ್ಣ ಚೌಕ ಕಿಂಡಿಗಳು ಎಣಿಸಲಾಗದಷ್ಟು, ಅಚ್ಚುಕಟ್ಟಾಗಿ ಇನ್ನೂ ಉಳಿದಿದ್ದವು. ನಡುವೆ ಎಲ್ಲವೂ ಕರಗಿ, ತಣಿದು, ತಳಹಿಡಿದ ಬೆಲ್ಲದ ಪಾಕದಂತೆ ಹೆಪ್ಪುಗಟ್ಟಿತ್ತು. ಮಕ್ಕಳು ಕೈಯಿಂದ ಕೈಗೆ ದಾಟಿಸಿ ನೋಡಿದರು. ಇಲಿ, ತಂತಿ, ಮಿನುಗುವ ದೀಪ, ಎಲ್ಲವನ್ನೂ ಹೇಳಿದೆ. ಕೊನೆಯ ಬೆಂಚಿನ ಹುಡುಗ ಎದ್ದು ನಿಂತು, "ಸಾರ್, ಏಳು ವಾರ ದೀಪ ಮಿನುಗುತ್ತಿತ್ತಲ್ಲ, ನೀವು ಏಕೆ ತೋರಿಸಲಿಲ್ಲ?" ಎಂದು ಕೇಳಿದ.

ಸಂಬಳ ಬರಲಿ ಎಂದು ಕಾಯುತ್ತಿದ್ದೆ ಎಂದೆ. ಏಳು ವಾರದಲ್ಲಿ ಎರಡು ಸಂಬಳ ಬರುತ್ತದೆ ಎಂದು ಅವನು ಲೆಕ್ಕ ಹಾಕಿ ಕುಳಿತ.